ಕಪ್ಪು ಕಮಲದ ಒಂದೇ ಕೆಲಸ

ನನ್ನ ಹತ್ರ ಒಂದು ‘ಬ್ಲ್ಯಾಕ್ ಲೋಟಸ್’ ಇದೆ. ಪ್ರಿಂಟರಿನಲ್ಲಿ ತೆಗೆದು ಕತ್ತರಿಯಲ್ಲಿ ಸೊಟ್ಟಗೆ ಕತ್ತರಿಸಿದ್ದು. ಶುಕ್ರವಾರ ಸಂಜೆ ಗೆಳೆಯರು ಸೇರಿ ‘ಮ್ಯಾಜಿಕ್: ದ ಗ್ಯಾದರಿಂಗ್’ ಆಡುವಾಗ ಅದೇ ಚಲಾವಣೆ. ಅಸಲಿ ಕಾರ್ಡೊಂದು 2021ರ ಜನವರಿಯಲ್ಲಿ 5,11,100 ಡಾಲರಿಗೆ ಹರಾಜಾಯಿತು. ರೂಪಾಯಿ ಲೆಕ್ಕ ನಾನು ಹಾಕಲ್ಲ, ಊಟ ಸೇರಲ್ಲ.

ಅಮೆರಿಕದಲ್ಲಿ ಗಣಿತದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ರಿಚರ್ಡ್ ಗಾರ್ಫೀಲ್ಡ್, ‘ವಿಝರ್ಡ್ಸ್ ಆಫ್ ದ ಕೋಸ್ಟ್’ನ ಪೀಟರ್ ಆಡ್ಕಿಸನ್ ಬಳಿ ಬೇರೊಂದು ಬೋರ್ಡ್ ಗೇಮ್ ಹಿಡಿದು ಹೋಗಿದ್ದ. ಅದನ್ನು ಅಚ್ಚು ಹಾಕಿಸೋದು ದುಬಾರಿ. ಜೇಬಲ್ಲಿ ಹಿಡಿಯೋ, ಬೇಗ ಮುಗಿಯೋ ಆಟ ಕೊಡು ಅಂದ ಆಡ್ಕಿಸನ್. 1993ರ ಆಗಸ್ಟಿನಲ್ಲಿ ಮ್ಯಾಜಿಕ್ ಬಂತು.

ಆಟದಲ್ಲಿ ಇಬ್ಬರೂ ಮಾಂತ್ರಿಕರು, ತಲಾ 20 ಪ್ರಾಣ. ಮಂತ್ರ ಹಾಕಲು ‘ಮಾನಾ’ ಅನ್ನೋ ಶಕ್ತಿ ಬೇಕು. ಅದು ಹುಟ್ಟೋದು ಭೂಮಿ ಕಾರ್ಡಿನಿಂದ, ಸರದಿಗೆ ಒಂದೇ ಭೂಮಿ ಇಳಿಸಬಹುದು. ಬ್ಲ್ಯಾಕ್ ಲೋಟಸ್ ಮಾತ್ರ ಪುಕ್ಕಟೆ. ಇಳಿಸಿದ ತಕ್ಷಣ ಒಂದೇ ಬಣ್ಣದ ಮೂರು ಮಾನಾ ಕೊಟ್ಟು, ತಾನು ಎಸೆದ ಕಾರ್ಡುಗಳ ರಾಶಿಗೆ ಹೋಗುತ್ತೆ. ಅಷ್ಟೇನಾ ಅನ್ನಿಸುತ್ತಲ್ವಾ? ನೋಡಿ: ಮೊದಲ ಸರದಿಯಲ್ಲೇ ಒಂದು ಬೆಟ್ಟ, ಒಂದು ಕೆಂಪು ಮಾನಾ. ಲೋಟಸ್‌ನಿಂದ ಮೂರು ಹಸಿರು. ಅದರಲ್ಲಿ ಎರಡು ಕೊಟ್ಟು ‘ಚಾನೆಲ್’ ಹಾಕಿದರೆ ನಮ್ಮ ಪ್ರಾಣವನ್ನೇ ಮಾನಾ ಮಾಡ್ಕೋಬಹುದು. 19 ಪ್ರಾಣ ಸುಟ್ಟು, ಉಳಿದ ಹಸಿರು ಸೇರಿಸಿ, ಕೆಂಪಿನಿಂದ ‘ಫೈರ್‌ಬಾಲ್’. ಸರಿಯಾಗಿ 20 ಏಟು. ಎದುರಾಳಿ ಇನ್ನೂ ಒಂದು ಕಾರ್ಡೂ ಆಡಿರಲ್ಲ.

ಗಾರ್ಫೀಲ್ಡ್‌ಗೆ ಕೆಲವು ಕಾರ್ಡುಗಳು ಅತಿ ಬಲಶಾಲಿ ಅಂತ ಗೊತ್ತಿತ್ತು. ಜನ ನಾಲ್ಕಾರು ಪ್ಯಾಕೆಟ್ ಕೊಳ್ತಾರೆ, ಗೆಳೆಯರ ಗುಂಪಿಗೆ ಇಂಥದ್ದು ಒಂದೋ ಎರಡೋ ಬರುತ್ತೆ ಅಂತ ಅವನ ಎಣಿಕೆ. ಮೇಲಾಗಿ ಆಗಿನ ನಿಯಮದಲ್ಲಿ ಪಣ ಇತ್ತು. ನಮ್ಮ ಗೋಲಿ ಆಟದ ಹಾಗೆ, ಪ್ರತಿ ಆಟಕ್ಕೂ ಇಬ್ಬರೂ ಒಂದೊಂದು ಕಾರ್ಡು ಒತ್ತೆ ಇಡಬೇಕು, ಗೆದ್ದವನಿಗೆ ಎರಡೂ. ಅಂದರೆ ಲೋಟಸ್ ಕೈಯಿಂದ ಕೈಗೆ ತಿರುಗಬೇಕಿತ್ತು. ಆದರೆ ಜನ ಕಾರ್ಡುಗಳನ್ನು ಬಾಕ್ಸುಗಟ್ಟಲೆ ಕೊಂಡರು. ಪಣ ಮೂಲೆ ಸೇರಿತು. ಒಂದೇ ಕಾರ್ಡನ್ನು ಎಷ್ಟು ಬೇಕಾದರೂ ತುಂಬಿಕೊಳ್ಳಬಹುದಾಗಿದ್ದ ಕಟ್ಟುಗಳಲ್ಲಿ, 1994ರ ಆರಂಭದಿಂದ ಪಂದ್ಯಗಳ ಮಟ್ಟಿಗೆ ಲೋಟಸ್ ಒಂದೇ ಅಂತಾಯ್ತು.

ನನ್ನ ಪ್ರಕಾರ ಆಟಗಾರರು ಸೋತದ್ದು ಅಲ್ಲಲ್ಲ, 1996ರಲ್ಲಿ. ಅದರ ಹಿಂದಿನ ವರ್ಷ ಕಂಪನಿ ಹಳೇ ಕಾರ್ಡುಗಳನ್ನು ಮರುಮುದ್ರಿಸಿದ್ದಕ್ಕೆ ಸಂಗ್ರಹಕಾರರು ರಂಪ ಮಾಡಿದ್ದರು. ಅವರನ್ನು ಸಮಾಧಾನ ಮಾಡಲು, ಇಂತಿಂಥ ಕಾರ್ಡು ಮತ್ತೆ ಅಚ್ಚು ಹಾಕಲ್ಲ ಅಂತ ಕಂಪನಿ ಪಟ್ಟಿ ಮಾಡಿ ಮಾತು ಕೊಟ್ಟಿತು. ಲೋಟಸ್ ಅದರಲ್ಲಿದೆ. ಮೊದಲ ಮುದ್ರಣದ್ದಂತೂ ಸುಮಾರು 1,100 ಮಾತ್ರ. 2021ರಲ್ಲಿ ಮಾರಾಟವಾದದ್ದು ಅವುಗಳಲ್ಲೊಂದು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿದ್ದು. ಚಿತ್ರ ಬರೆದ ಕ್ರಿಸ್ಟೋಫರ್ ರಶ್ ಸಹಿ ಇರೋದು ಡಬ್ಬಿಯ ಮೇಲೆ. ಆಡಬೇಕಂದ್ರೆ ಡಬ್ಬಿ ಒಡೀಬೇಕು.

ನನ್ನ ಕಾಗದದ ಲೋಟಸ್‌ಗೆ ಕಾಫಿ ಕಲೆ ಆಗಿದೆ. ಕಳೆದ ಶುಕ್ರವಾರ ಅದು, ಬೆಟ್ಟ, ಚಾನೆಲ್, ಫೈರ್‌ಬಾಲ್ ನಾಲ್ಕೂ ಮೊದಲ ಕೈಯಲ್ಲೇ ಬಂದವು. ಗೆಳೆಯ ಎರಡು ನಿಮಿಷ ಬೈದು, ಕಾರ್ಡು ಕಲೆಸೋಕೆ ಶುರು ಮಾಡಿದ.