ತಕ್ಕಡಿ ತಿನ್ನುವ ತೂಕ

ದೇವನಹಳ್ಳಿ ಪಕ್ಕದ ನಮ್ಮ ವಿಜಯಪುರವನ್ನು ಅಪ್ಪ ಕೊನೆಯವರೆಗೂ ಹಳೆಯ ಹೆಸರಿನಲ್ಲಿ ವಡಿಗೇನಹಳ್ಳಿ ಎಂದೇ ಕರೆದ. ತಕ್ಕಡಿ ರಿಪೇರಿ ಅವನ ಕಸುಬು. ಅಂಗಡಿ ಎಂದರೆ ಒಂದು ಜಗಲಿ, ಮೂರು ಅರ, ಸೀಸ ಕರಗಿಸಲು ಒಂದು ಕಬ್ಬಿಣದ ಸೌಟು. ದಂಡಿಯ ನಡುವಿನ ಉಕ್ಕಿನ ಅಲಗು ಸವೆದು ಮೊಂಡಾದರೆ ಮುಳ್ಳು ಜಡವಾಗುತ್ತದೆ. ತಟ್ಟೆಗೆ ಎರಡು ರೇಷ್ಮೆಗೂಡು ಹೆಚ್ಚು ಬಿದ್ದರೂ ಅಲುಗುವುದಿಲ್ಲ. ಅಂಥದ್ದು ಬಂದಾಗ ಅಪ್ಪನ ಮಾತು ಒಂದೇ: "ತಕ್ಕಡಿ ತಿಂತಾ ಐತೆ ಕಣೋ." ತಟ್ಟೆಯ ಅಡಿಗೆ ಹುಣಸೆಹಣ್ಣು ಅಂಟಿಸಿ ವ್ಯಾಪಾರಿ ತಿನ್ನುವುದು ಬೇರೆ, ತಕ್ಕಡಿ ತಾನೇ ತಿನ್ನುವುದು ಬೇರೆ. ಮೊದಲನೆಯದಕ್ಕೆ ಇನ್‌ಸ್ಪೆಕ್ಟರು, ಎರಡನೆಯದಕ್ಕೆ ಅರ.

ಅವನು ಕೆಲಸ ಕಲಿಯುವ ಹೊತ್ತಿಗೆ ಕಚ್ಚಾ ಸೇರು 24 ತೊಲ, ಪಕ್ಕಾ ಸೇರು 80 ತೊಲ. ತೊಲಕ್ಕೆ 11.66 ಗ್ರಾಂ ಹಿಡಿದರೆ ‘ಒಂದು ಸೇರು’ ಒಬ್ಬರ ಬಾಯಲ್ಲಿ 280 ಗ್ರಾಂ, ಇನ್ನೊಬ್ಬರ ಬಾಯಲ್ಲಿ 933. 1956ರಲ್ಲಿ ಕಾಯಿದೆ ಬಂತು, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋ ಬಂತು. ಎರಕದ ಕಬ್ಬಿಣದ ಹೊಸ ತೂಕದ ಬೊಟ್ಟುಗಳ ಗುಳಿಯಲ್ಲಿ ಸೀಸ ತುಂಬಿ, ಆ ಸೀಸದ ಮೇಲೆ ಸರ್ಕಾರದ ಮುದ್ರೆ ಒತ್ತುವುದು ರೂಢಿ. ಬೊಟ್ಟು ಸವೆದರೆ ಸೀಸ ಸೇರಿಸಿ ಮತ್ತೆ ಮುದ್ರೆ.

ನಮ್ಮ ಸೀಮೆಯಲ್ಲಿ ತೂಕದ ಜಗಳವೆಲ್ಲ ಗೂಡಿನದು. ಪಕ್ಕದ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಬಂಗಾಳದಿಂದ ರೇಷ್ಮೆಹುಳು ತರಿಸಿದ. ಅಂದಿನಿಂದ ಹಿಪ್ಪುನೇರಳೆ ಈ ನೆಲ ಬಿಟ್ಟಿಲ್ಲ. ಗೂಡು ಅಕ್ಕಿಯಲ್ಲ, ರಾಗಿಯಲ್ಲ. ಒಳಗೆ ಜೀವಂತ ಹುಳು, ಅದರಲ್ಲಿ ನೀರು. ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಬಿಡಿಸಿದ ಗಳಿಗೆಯಿಂದ ತೂಕ ಇಳಿಯುತ್ತ ಹೋಗುತ್ತದೆ. ಹರಾಜು ಮುಗಿದ ಮೇಲೆ ತಕ್ಕಡಿ ತಡಮಾಡಿದರೆ ರೈತನಿಗೆ ನಷ್ಟ, ಹೆಚ್ಚು ತೋರಿಸಿದರೆ ಗೂಡು ಕೊಂಡು ನೂಲು ತೆಗೆಯುವ ರೀಲರಿಗೆ.

ಆಮೇಲೆ ಬಂದದ್ದು ಕೆಂಪು ಅಂಕಿಯ ತಕ್ಕಡಿ. ಅಪ್ಪ ಮೊದಲ ಸಲ ಅದರ ಹೊಟ್ಟೆ ಬಿಚ್ಚಿ, "ಅಲಗೇ ಇಲ್ಲವಲ್ಲೋ, ಸವೆಯೋದು ಏನು?" ಅಂದ. ಇದ್ದದ್ದು ಒಂದು ಅಲ್ಯೂಮಿನಿಯಂ ತುಂಡು, ಅದಕ್ಕೆ ಅಂಟಿಸಿದ ನಾಲ್ಕು ಸ್ಟ್ರೇನ್ ಗೇಜು. ಎಳೆದ ತಂತಿಯ ರೋಧ ಹೆಚ್ಚುತ್ತದೆ ಎಂದು ಕೆಲ್ವಿನ್ 1856ರಲ್ಲೇ ಕಂಡಿದ್ದ. ತಂತಿಯನ್ನು ಗೋಂದಿನಲ್ಲಿ ಅಂಟಿಸಿ ಅಳೆಯುವ ಯುಕ್ತಿ 1938ರಲ್ಲಿ ಅಮೆರಿಕದ ಸಿಮನ್ಸ್ ಮತ್ತು ರೂಜ್ ಎಂಬ ಇಬ್ಬರಿಗೆ ಬೇರೆಬೇರೆಯಾಗಿ ಹೊಳೆಯಿತು. ರೂಜ್ ಆಗ ನೋಡುತ್ತಿದ್ದದ್ದು ಭೂಕಂಪಕ್ಕೆ ನೀರಿನ ಟ್ಯಾಂಕು ಹೇಗೆ ಅಲುಗುತ್ತದೆ ಎಂಬುದನ್ನು. ಗೂಡಿನ ತಕ್ಕಡಿ ಅವನ ಕನಸಿನಲ್ಲೂ ಬಂದಿರಲಾರದು.

ಗೇಜು ಅಂಟಿಸಿದ ಆ ತುಂಡಿನ, ಅಂದರೆ ಲೋಡ್ ಸೆಲ್‌ನ, ರೋಧ ಸಾಮಾನ್ಯವಾಗಿ 350 ಓಮ್. ವೋಲ್ಟಿಗೆ 2 ಮಿಲಿವೋಲ್ಟ್ ಕೊಡುವ ಸೆಲ್‌ಗೆ 5 ವೋಲ್ಟ್ ಹಾಕಿದರೆ ಪೂರ್ತಿ ಭಾರಕ್ಕೆ ಸಿಗುವುದು 10 ಮಿಲಿವೋಲ್ಟ್. 50 ಕಿಲೋ ತಕ್ಕಡಿಯಲ್ಲಿ 10 ಗ್ರಾಂ ಕಾಣಬೇಕಾದರೆ 5000 ಪಾಲು, ಪಾಲಿಗೆ 2 ಮೈಕ್ರೋವೋಲ್ಟ್. ಅಷ್ಟು ಬಡಕಲು ಸಂಕೇತವನ್ನು ಅಂಕಿ ಮಾಡುವ ಚಿಪ್ಪು ತಾನೇ ಚೂರು ತಿಂದರೆ?

ಹಳೆಯ ಡ್ಯುಯಲ್ ಸ್ಲೋಪ್ ಚಿಪ್ಪುಗಳು ತಿನ್ನುತ್ತಿದ್ದದ್ದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಅವುಗಳ ಮುಂದೆ 100 ಕಿಲೋಓಮ್ ರೆಸಿಸ್ಟರ್, ಒಂದು ಕೆಪಾಸಿಟರ್ ಹಾಕಿ ಫ್ಯಾನು ಮೋಟಾರುಗಳ ಗದ್ದಲ ಸೋಸುವುದು ನನ್ನ ಕೈಗೆ ಅಂಟಿದ ಅಭ್ಯಾಸ. ಸಿಗ್ಮಾ–ಡೆಲ್ಟಾ ಚಿಪ್ಪು ಬಂದಾಗಲೂ ಅದನ್ನೇ ಮಾಡಿದೆ. ಸಂಜೆ ತಂಪಿನಲ್ಲಿ 20 ಕಿಲೋ ಬೊಟ್ಟಿಟ್ಟು ಕ್ಯಾಲಿಬ್ರೇಷನ್ ಮಾಡಿದೆ, ಸರಿಯಾಗಿ 20.000. ಮರುದಿನ ಮಧ್ಯಾಹ್ನ, ತಗಡಿನ ಸೂರಿನ ಕೆಳಗೆ, ಅದೇ ಬೊಟ್ಟು 19.960. ರೈತರೊಬ್ಬರು, "ಏನಣ್ಣ, ಕಬ್ಬಿಣವೂ ಗೂಡಿನಂಗೆ ಒಣಗ್ತದಾ?" ಎಂದರು. ನಾನು ತಲೆ ಎತ್ತಲಿಲ್ಲ.

ಕಾರಣ ಹಿಡಿಯಲು ಒಂದು ವಾರ ಬೇಕಾಯಿತು. ಒಳಗೆ ಬಫರ್ ಇಲ್ಲದ ಈ ಬಗೆಯ ಚಿಪ್ಪಿನ ಬಾಯಲ್ಲಿ ಪುಟ್ಟದೊಂದು ಕೆಪಾಸಿಟರ್ ಇದೆ. ಸೆಕೆಂಡಿಗೆ ಸಾವಿರಾರು ಸಲ ಅದು ತುಂಬಬೇಕು, ಖಾಲಿಯಾಗಬೇಕು. ಪ್ರತಿ ಸಲವೂ ಒಂದು ಗುಟುಕು. 350 ಓಮ್‌ನ ಸೆಲ್ ನೇರವಾಗಿ ಕುಡಿಸಿದರೆ ಚೆಂಬು ತುಂಬುತ್ತದೆ. ನಡುವೆ ನಾನಿಟ್ಟ 100 ಕಿಲೋಓಮ್ ಎಂದರೆ ಕೆರೆಯ ತೂಬಿಗೆ ಬಟ್ಟೆ ತುರುಕಿದಂತೆ. ಆ ಕೊರತೆಯನ್ನು ಕ್ಯಾಲಿಬ್ರೇಷನ್ ಮುಚ್ಚಿಬಿಟ್ಟಿತ್ತು. ಬಿಸಿಲಿಗೆ ಚಿಪ್ಪಿನ ಗಡಿಯಾರದ ವೇಗ ತುಸು ಬದಲಾಗಿ, ಗುಟುಕುಗಳ ಲೆಕ್ಕವೂ ಬದಲಾಗಿ, ಮುಚ್ಚಿದ್ದು ಹೊರಬಿತ್ತು. 100 ಕಿಲೋಓಮ್ ಕಿತ್ತು 1 ಕಿಲೋಓಮ್ ಹಾಕಿದೆ, ಕೆಪಾಸಿಟರನ್ನು ಚಿಪ್ಪಿನ ಕಾಲಬುಡಕ್ಕೇ ತಂದೆ, ಗದ್ದಲಕ್ಕೆ ಕೇಬಲ್ಲಿನ ಹೊರಜಾಲರಿಯನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಿದೆ.

ಟಿವಿ ರಿಪೇರಿಯಿಂದ ಬಂದ ಹುಡುಗರು ಇಲ್ಲಿ ಇನ್ನೊಂದು ತಪ್ಪು ಮಾಡುತ್ತಾರೆ. ಆಂಟೆನಾಗೆ 75 ಓಮ್‌ಗೆ 75 ಹೊಂದಿಸಬೇಕು ನಿಜ. ಅದೇ ಬುದ್ಧಿಯಲ್ಲಿ ಲೋಡ್ ಸೆಲ್ಲಿಗೆ 350 ಹೊಂದಿಸಿದರೆ ಅರ್ಧ ತೂಕ ಅಲ್ಲೇ ಹೋಯಿತು. ಇಲ್ಲಿ ಕೊಡುವವನ ಇಂಪೆಡೆನ್ಸ್ ಕಡಿಮೆ ಇರಬೇಕು, ಪಡೆಯುವವನದು ಅದರ ಸಾವಿರಾರು ಪಟ್ಟು. ನೆಲಮಂಗಲದ ಕಡೆ ಲಾರಿ ತೂಗುವ ವೇಬ್ರಿಡ್ಜುಗಳಲ್ಲಿ ಇಂಥ ನಾಲ್ಕು ಸೆಲ್ ಪಕ್ಕಪಕ್ಕ ಜೋಡಿಸಿದರೆ ರೋಧ 87.5 ಓಮ್‌ಗೆ ಇಳಿಯುತ್ತದೆ. ಚಿಪ್ಪಿಗೆ ಅನುಕೂಲ, ಆದರೆ ಕರೆಂಟು ಒದಗಿಸುವ ಭಾಗಕ್ಕೆ ಹೊರೆ.

19.960ರ ಕಥೆಯನ್ನು ಅಪ್ಪನಿಗೆ ಹೇಳಿದ್ದೆ. ಸುಮ್ಮನೆ ಕೇಳಿ, "ಹಂಗಾದ್ರೆ ಇದೂ ತಿಂತದೆ," ಎಂದು ಬೀಡಿ ಹಚ್ಚಿದ. ಅವನ 20 ಕಿಲೋ ಬೊಟ್ಟುಗಳಲ್ಲಿ ಎರಡು ನನ್ನ ಬೆಂಚಿನ ಕೆಳಗಿವೆ. ವರ್ಷಕ್ಕೊಮ್ಮೆ ಅವನ್ನು ಹೊತ್ತುಕೊಂಡು ಮುದ್ರೆಗೆ ಹೋಗುತ್ತೇನೆ.