ಡಿಸ್ಕಿನೊಳಗಿನ ಬದುಗಳು

ಹೊಲ ಪಾಲಾದ ಮೇಲೆ ನಡುವೆ ಬದು ಬೀಳುತ್ತದೆ. ಬೆಳೆ ನಿಂತಿರುವಾಗ ಅದನ್ನು ಸರಿಸಲು ಕರ್ನಾಟಕದ ಗಡಿಗೆ ಹತ್ತಿರದ ಆಂಧ್ರದ ಹೊಳಗುಂದ ಸೀಮೆಯ ಯಾವ ರೈತನೂ ಹೋಗುವುದಿಲ್ಲ. ಡಿಸ್ಕನ್ನು ಪಾಲು (ಪಾರ್ಟಿಷನ್) ಮಾಡಿ ಲಿನಕ್ಸ್ ಹಾಕಲು ಕೂತವರಿಗೂ ಇದೇ ಅಳುಕು: ವ್ಯವಸ್ಥೆಯಿರುವ ರೂಟಿಗೆಷ್ಟು, ನಮ್ಮ ಕಡತಗಳಿರುವ ಹೋಮಿಗೆಷ್ಟು, ಮೆಮೊರಿ ಸಾಲದಾಗ ಬಳಸುವ ಸ್ವಾಪಿಗೆಷ್ಟು? ಹಳಬರ ಬಾಯಲ್ಲಿ ಸಿದ್ಧ ಲೆಕ್ಕಗಳಿವೆ. ಅವು ಯಾವ ಕೊರತೆಯಿಂದ ಹುಟ್ಟಿದವು ಎಂದು ತಿಳಿದರೆ ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದೂ ಗೊತ್ತಾಗುತ್ತದೆ.

ಮೊದಲ ಬದು ಲಿನಕ್ಸಿಗಿಂತ ಹಳೆಯದು. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಯುನಿಕ್ಸ್ ಕಟ್ಟುತ್ತಿದ್ದ ಪಿಡಿಪಿ-11 ಯಂತ್ರದ ಡಿಸ್ಕಿನಲ್ಲಿ ಹಿಡಿಯುತ್ತಿದ್ದದ್ದು ಕೆಲವೇ ಮೆಗಾಬೈಟು. ಅದು ತುಂಬಿದಾಗ ವ್ಯವಸ್ಥೆಯ ಕಡತಗಳು ಬಳಕೆದಾರರ ಕಡತಗಳಿದ್ದ ಎರಡನೇ ಡಿಸ್ಕಿಗೆ, ಅಂದರೆ ಯುಎಸ್‌ಆರ್‌ಗೆ, ಹರಿದವು. ಜಾಗ ಸಾಲದೆ ಮಾಡಿಕೊಂಡ ಏರ್ಪಾಡು ಮುಂದಿನವರಿಗೆ ನಿಯಮವಾಯಿತು. ಯುಎಸ್‌ಆರ್‌ಗೆ ಪ್ರತ್ಯೇಕ ಪಾಲು ದಶಕಗಳ ಕಾಲ ಉಳಿಯಿತು.

ಪಾಲುಗಳ ವಿವರ ಬರೆದಿಡುವ ಪಾಲುಪಟ್ಟಿ ಪಿಸಿಗೆ ಬಂದದ್ದು 1983ರಲ್ಲಿ, 10 ಮೆಗಾಬೈಟಿನ ಡಿಸ್ಕಿದ್ದ ಐಬಿಎಂ ಪಿಸಿ ಎಕ್ಸ್‌ಟಿಯ ಜೊತೆ. ಡಿಸ್ಕಿನ ಮೊದಲ 512 ಬೈಟುಗಳಲ್ಲಿ ಪಟ್ಟಿಗೆ ಮೀಸಲಾದದ್ದು ಬರೀ 64 ಬೈಟು. ಒಂದು ಪಾಲಿನ ವಿವರಕ್ಕೆ 16 ಬೈಟು ಬೇಕು, ಹಾಗಾಗಿ ನಾಲ್ಕೇ ಪಾಲು. ಐದನೆಯದು ಬೇಕೆಂದವರು ಒಂದನ್ನು ವಿಸ್ತೃತ ಪಾಲು ಮಾಡಿ ಅದರೊಳಗೆ ಮತ್ತೆ ಬದು ಹಾಕಬೇಕಿತ್ತು.

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬಿಡುಗಡೆ ಮಾಡಿದಾಗ ಅದಕ್ಕಿದ್ದದ್ದು ಮಿನಿಕ್ಸ್‌ನ ಕಡತ ವ್ಯವಸ್ಥೆ, 64 ಮೆಗಾಬೈಟಿನ ಮಿತಿಯೊಂದಿಗೆ. ರೆಮಿ ಕಾರ್ಡ್ 1992ರಲ್ಲಿ ಎಕ್ಸ್ಟ್, ಮರುವರ್ಷ ಎಕ್ಸ್ಟ್2 ತಂದು ಆ ಗೋಡೆ ಒಡೆದರು. ಆದರೂ ಯಂತ್ರವನ್ನು ಏಳಿಸುವ ಬಯೋಸ್‌ನ ಕೈ ಡಿಸ್ಕಿನ ಮೊದಲ 1024 ಸಿಲಿಂಡರ್ ದಾಟಿ ಚಾಚುತ್ತಿರಲಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್ ಅದರಾಚೆ ಇದ್ದರೆ ಯಂತ್ರ ಏಳುವುದೇ ಇಲ್ಲ. ಡಿಸ್ಕಿನ ತಲೆಯಲ್ಲಿ ಪುಟ್ಟ ಬೂಟ್ ಪಾಲು ಇಡುವ ರೂಢಿ ಬಲವಾಗಿ ಬೇರೂರಿದ್ದು ಹೀಗೆ.

ನಮ್ಮ ಕಡೆಯವರಿಗೆ ಎಲ್ಲಕ್ಕಿಂತ ಹತ್ತಿರವಾದ ಬದಲಾವಣೆ ಇದರ ನಂತರದ್ದು. ಎಕ್ಸ್ಟ್2 ಕಾಲದಲ್ಲಿ ಕರೆಂಟು ಹೋಗಿ ಬಂದರೆ ಯಂತ್ರ ಇಡೀ ಪಾಲನ್ನು ತಡಕಾಡಬೇಕಿತ್ತು. ಡಿಸ್ಕು ದೊಡ್ಡದಾದಷ್ಟೂ ಕಾಯುವ ಹೊತ್ತು ದೊಡ್ಡದು. ಒಂದು ಪಾಲು ಕೆಟ್ಟರೆ ಇನ್ನೊಂದಾದರೂ ಉಳಿಯಲಿ ಎಂದೇ ಜನ ಸಣ್ಣ ಸಣ್ಣ ಪಾಲು ಮಾಡುತ್ತಿದ್ದರು. ಸ್ಟೀಫನ್ ಟ್ವೀಡಿ ರೂಪಿಸಿದ ಎಕ್ಸ್ಟ್3 2001ರ ನವೆಂಬರಿನಲ್ಲಿ ಕರ್ನಲ್ ಸೇರಿತು. ಮಾಡಲಿರುವ ಬದಲಾವಣೆಯನ್ನು ಮೊದಲು ದಿನಚರಿಯಲ್ಲಿ ಬರೆದು ಆಮೇಲೆ ಜಾಗಕ್ಕೆ ಹಾಕುವುದು ಅದರ ಕ್ರಮ. ಕರೆಂಟು ಬಂದ ಮೇಲೆ ದಿನಚರಿಯ ಕೊನೆಯ ಸಾಲುಗಳನ್ನು ಓದಿಕೊಂಡರೆ ಸಾಕು. ಲೋಡ್ ಶೆಡ್ಡಿಂಗ್ ಕಂಡ ಊರಿಗೆ ಇದು ಎಂಥ ಉಪಕಾರವೆಂದು ವಿವರಿಸಬೇಕಿಲ್ಲ. ಅದರ ಮುಂದಿನ ರೂಪವಾದ ಎಕ್ಸ್ಟ್4 2008ರ ಡಿಸೆಂಬರಿನಲ್ಲಿ ಸ್ಥಿರ ರೂಪದಲ್ಲಿ ಕರ್ನಲ್ ಸೇರಿತು.

ಮಿಕ್ಕ ಬದುಗಳು ಒಂದೊಂದಾಗಿ ಸಡಿಲವಾದವು. ಹೈಂಜ್ ಮೌಲ್ಸ್‌ಹಾಗೆನ್ 1998ರಲ್ಲಿ ಬರೆದ ಎಲ್‌ವಿಎಂ, ಪಾಲನ್ನು ಆಮೇಲೂ ಹಿಗ್ಗಿಸಲು ದಾರಿ ಮಾಡಿತು. ಜಿಪಿಟಿ ಪಟ್ಟಿ ಬಂದು ನಾಲ್ಕರ ಜಾಗದಲ್ಲಿ 128 ಪಾಲುಗಳಾದವು, ಹಳೆಯ ಪಟ್ಟಿಗಿದ್ದ 2 ಟೆರಾಬೈಟಿನ ಮಿತಿಯೂ ಹೋಯಿತು. ರ‍್ಯಾಮಿನ ಎರಡು ಪಟ್ಟು ಸ್ವಾಪ್ ಎಂಬ ಲೆಕ್ಕ ಮೆಮೊರಿ ಅಪರೂಪವಾಗಿದ್ದ ಕಾಲದ್ದು, ಉಬುಂಟು 17.04 ಸ್ವಾಪ್ ಪಾಲನ್ನೇ ಬಿಟ್ಟು ಒಂದು ಕಡತಕ್ಕೆ ಇಳಿಯಿತು. 2020ರಲ್ಲಿ ಬಂದ ಫೆಡೋರಾ 33 ಡೆಸ್ಕ್‌ಟಾಪಿಗೆ ಬಿಟಿಆರ್‌ಎಫ್‌ಎಸ್ ಕಡತ ವ್ಯವಸ್ಥೆ ಕೊಟ್ಟಿತು. ಅಲ್ಲಿ ರೂಟ್ ಮತ್ತು ಹೋಮ್ ಬೇರೆ ಬೇರೆಯಾದರೂ ಜಾಗ ಮಾತ್ರ ಒಟ್ಟುಕುಟುಂಬದ್ದು.

ಈಗ ಹೊಳಗುಂದದ ಜೆರಾಕ್ಸ್ ಅಂಗಡಿಯೊಂದನ್ನು ಎದುರಿಗಿಟ್ಟುಕೊಳ್ಳೋಣ. 256 ಜಿಬಿಯ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್. ನುಡಿ ತಂತ್ರಾಂಶದಲ್ಲಿ ಮಾಡಿದ ಲಗ್ನಪತ್ರಿಕೆಗಳು ಇರುವುದರಿಂದ ವಿಂಡೋಸ್ ಬಿಡುವಂತಿಲ್ಲ. ಅದರ ಪಾಲನ್ನು ವಿಂಡೋಸ್ ಒಳಗಿನಿಂದಲೇ ಕುಗ್ಗಿಸಬೇಕು. ಯಂತ್ರ ಏಳಲು ಬೇಕಾದ ಇಎಫ್‌ಐ ಪಾಲು ವಿಂಡೋಸ್, ಲಿನಕ್ಸ್ ಎರಡಕ್ಕೂ ಒಂದೇ; ಅದನ್ನು ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ಏಳುವುದಿಲ್ಲ. ರೂಟಿಗೆ 40 ಜಿಬಿ, ಸ್ವಾಪಿಗೆ ಕಡತ. ಮಿಕ್ಕದ್ದೆಲ್ಲ ಹೋಮಿಗೆ. ನನ್ನ ಮಟ್ಟಿಗೆ ಈ ಒಂದು ಬದು ಇವತ್ತಿಗೂ ಬೇಕೇ ಬೇಕು. ಎರಡು ವರ್ಷದ ಮೇಲೆ ಹೊಸ ಆವೃತ್ತಿ ಹಾಕುವ ದಿನ ರೂಟನ್ನು ಅಳಿಸಿ, ಹೋಮ್ ಎದುರಿನ ಫಾರ್ಮ್ಯಾಟ್ ಚೌಕವನ್ನು ಖಾಲಿ ಬಿಟ್ಟರೆ, ಕನ್ನಡದ ಪತ್ರಿಕೆಗಳೂ ತೆಲುಗಿನ ಅರ್ಜಿಗಳೂ ಇದ್ದಲ್ಲೇ ಇರುತ್ತವೆ. ಡಿಸ್ಕೇ ಸತ್ತರೆ ಯಾವ ಬದುವೂ ಕಾಯದು. ಹಾಗಾಗಿ ಆ ಚೌಕ ಮುಟ್ಟುವ ಮೊದಲೇ ಹೋಮಿನ ಇನ್ನೊಂದು ಪ್ರತಿ ಹೊರಗಿನ ಡಿಸ್ಕಿನಲ್ಲಿರಬೇಕು, ಅದನ್ನು ತೆರೆದು ಒಂದೆರಡು ಪತ್ರಿಕೆ ಓದಿ ನೋಡಿರಬೇಕು.