ಏಳನೆಯ ಸ್ಥಾನ

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಹೊರಬಂದದ್ದು 1969ರಲ್ಲಿ. ಅದರ ಯಾವ ಪುಟವನ್ನು ಎಷ್ಟು ಮಂದಿ ತೆರೆದರೆಂದು ಎಣಿಸಿದವರಿಲ್ಲ. 2001ರಲ್ಲಿ ಹುಟ್ಟಿದ ವಿಕಿಪೀಡಿಯ ಆ ಲೆಕ್ಕವನ್ನೂ ಇಡುತ್ತದೆ. 2023ರ ಅದರ ಇಂಗ್ಲಿಷ್ ಪಟ್ಟಿಯಲ್ಲಿ ಚಾಟ್‌ಜಿಪಿಟಿ ಮೊದಲನೆಯದು, ವಿಶ್ವಕಪ್ ಕ್ರಿಕೆಟ್ ಮೂರನೆಯದು, ‘ಓಪನ್‌ಹೈಮರ್’ ಸಿನಿಮಾ ಐದನೆಯದು.

ಇಷ್ಟೇ ಆಗಿದ್ದರೆ ಸಿನಿಮಾ ಹುಚ್ಚೆಂದು ಮೂಗು ಮುರಿಯುತ್ತಿದ್ದೆನೇನೋ. ಆದರೆ ಏಳನೆಯ ಸ್ಥಾನದಲ್ಲಿದ್ದವನು ಅಣುಬಾಂಬು ತಯಾರಾದ ಲಾಸ್ ಅಲಮೋಸ್ ಪ್ರಯೋಗಾಲಯದ ಮುಖ್ಯಸ್ಥ, ಓಪನ್‌ಹೈಮರ್ ಎಂಬ ವಿಜ್ಞಾನಿಯೇ. ಆ ಪುಟ ಎರಡು ಕೋಟಿಗೂ ಹೆಚ್ಚು ಸಲ ತೆರೆದಿತ್ತು. ಸಿನಿಮಾ ನೋಡಿ ಬಂದವರು ಚರಿತ್ರೆಯ ಬಾಗಿಲು ತಟ್ಟಿದ್ದರು.

ನಾನು 1945ರ ಹಿರೋಷಿಮದ ಪಾಠ ಮಾಡುವಾಗ ಒಬ್ಬ ಹುಡುಗ, “ಮಿಸ್, ಆ ಸಿನಿಮಾ ನೋಡಿದ್ದೀನಿ” ಎಂದಿದ್ದ. ಪಾಠದ ಕಡೆ ಗಮನ ಕೊಡು ಎಂದು ಗದರಿ ಕೂರಿಸಿದ್ದೆ. ನೋಡಿದ ಮೇಲೆ ಏನು ಹುಡುಕಿದೆ ಎಂದು ಕೇಳಬೇಕಿತ್ತು.